ಸಾಕ್ಷಿ ಬಟ್ಟೆ

ಮಾರ್ಚ್ ೧೪

ತಮ್ಮನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಯೇ ಇರುತ್ತೀಯ, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಏನಕ್ಕಾ, ಕೇಳಿಸ್ತಿಲ್ಲ, ವರ್ಕ್‌ಶಾಪಲ್ಲಿ ಗ್ರೈಂಡರ್ ಓಡ್ತಿದೆ" ಎಂದು ನುಣುಚಿಕೊಳ್ಳುತ್ತೀಯ. ಕಾಗದಕ್ಕೆ ಗ್ರೈಂಡರಿನ ಭಯವಿಲ್ಲ. ನೀನೂ ಕಾಗದದಲ್ಲೇ ಉತ್ತರ ಬರೆ. ಬರೆದದ್ದನ್ನು ಆಮೇಲೆ ಇಲ್ಲ ಅನ್ನಲಾಗುವುದಿಲ್ಲ.

ಭಾನುವಾರ ಅಪ್ಪನ ಕಾರನ್ನು ಹೊರಗೆ ತಳ್ಳಿಸಿದೆ. ಒಂದು ವರ್ಷದಿಂದ ನನ್ನ ಡ್ರೈವಿಂಗ್ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಮಾರಿಬಿಡೋಣ ಎಂದುಕೊಂಡಿದ್ದೆ. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲು ಬಿಟ್ಟು ಕ್ಲಚ್ ಒತ್ತಿದೆ. ಪೆಡಲ್ ಒದ್ದೆ ಸ್ಪಂಜಿನ ಹಾಗೆ ನೆಲಕ್ಕೆ ಹೋಯಿತು. ಗೇರ್ ಕಿರ್ರೆಂದಿತು. ಪೆಡಲನ್ನು ಪೂರ್ತಿ ಒತ್ತಿ ಹಿಡಿದಿದ್ದರೂ ಕಾರು ತಾನಾಗಿಯೇ ಮುಂದಕ್ಕೆ ತೆವಳಿತು. ದಿನಕ್ಕೆ ಎಂಟು ಗಂಟೆ ಕ್ಲಚ್ಚಿನ ಮೇಲೇ ಇರುವ ಕಾಲು ನನ್ನದು. ನನ್ನ ಕಾಲಿನ ಮಾತನ್ನೂ ಅದು ಕೇಳಲಿಲ್ಲ.

ಮುಂದಿನ ಮುಚ್ಚಳ ಎತ್ತಿ ಕ್ಲಚ್ ಆಯಿಲ್ ಡಬ್ಬಿ ನೋಡಿದೆ. ಮೇಲೆ ಎಣ್ಣೆ ತಿಳಿಯಾಗಿತ್ತು. ಹಾಗಾದರೆ ಕೆಳಗೇನಿದೆ ನೋಡೋಣ ಎಂದು ಚಾಪೆ ಹಾಸಿಕೊಂಡು ಕಾರಿನಡಿ ನುಸುಳಿ, ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ ಎಣ್ಣೆ ಹೊರಬಿಡುವ ಸ್ಕ್ರೂ ಸಡಿಲಿಸಿದೆ. ಕರೀ ನೀರು ಬಂತು, ತಮ್ಮ. ಗಸಿಯ ಸಮೇತ. ಎಷ್ಟೋ ವರ್ಷದಿಂದ ಪೈಪಿನೊಳಗೆ ಕೊಳೆತದ್ದು, ತೇವ ಕುಡಿದದ್ದು. ಅಂಥ ಎಣ್ಣೆ ಎಂಜಿನ್ ಬಿಸಿಯಾದ ಕೂಡಲೇ ಗುಳ್ಳೆಯೇಳುತ್ತದೆ, ಪೆಡಲಿನ ಬಲ ಗೇರಿಗೆ ತಲುಪುವುದೇ ಇಲ್ಲ. ಇದನ್ನು ನಮಗಿಬ್ಬರಿಗೂ ಹೇಳಿಕೊಟ್ಟವರು ಯಾರು, ನೆನಪಿದೆಯಾ?

ಹೋದ ವರ್ಷ ಮಾರ್ಚ್ ಹನ್ನೊಂದನ್ನು ನಾನು ನೆನಪಿಸುತ್ತೇನೆ. ಅಪ್ಪ ಊರೆಲ್ಲ ಸುತ್ತಿ ಬಂದು ಕಾರನ್ನು ವರ್ಕ್‌ಶಾಪಿನೊಳಗೆ ತಂದರು. ಕ್ಲಚ್ ಒತ್ತಿದರು, ಕಾರು ನಿಲ್ಲಲಿಲ್ಲ. ಬ್ರೇಕ್ ಹಾಕುವಷ್ಟರಲ್ಲಿ ಸ್ಪ್ಯಾನರ್ ಬೀರು ನೆಲಕಚ್ಚಿತ್ತು, ಫಿಟ್ಟರ್ ಒಬ್ಬ ಹಾರಿ ತಪ್ಪಿಸಿಕೊಂಡಿದ್ದ. ನೀನು ಎಲ್ಲರೆದುರಿಗೆ "ಅಪ್ಪನ ಎಡಗಾಲು ಸತ್ತುಹೋಗಿದೆ" ಎಂದೆ. ಅದನ್ನೇ ಲೈಸೆನ್ಸ್ ಕಚೇರಿಗೆ ಬರೆದುಕೊಟ್ಟೆ. ನಲವತ್ತಾರು ವರ್ಷ ಊರಿನ ಕಾರುಗಳನ್ನೆಲ್ಲ ಓಡಿಸಿ ನೋಡಿ ಸರಿ, ತಪ್ಪು ಹೇಳಿದ ಮೇಸ್ತ್ರಿಯ ಲೈಸೆನ್ಸ್ ಹೋಯಿತು. ಈಗ ಅವರು ನನ್ನ ಮನೆಯ ಜಗಲಿಯಲ್ಲಿ ಕೂತು ಎಡಗಾಲನ್ನು ಕುರ್ಚಿಯಡಿಗೆ ಸರಿಸಿಕೊಳ್ಳುತ್ತಾರೆ, ಕದ್ದ ವಸ್ತುವನ್ನು ಬಚ್ಚಿಡುವ ಹಾಗೆ.

ಜೂನ್ ಇಪ್ಪತ್ತಕ್ಕೆ ಮರುಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ನೀನು ಬರೆದುಕೊಟ್ಟದ್ದು ಕಡತದಲ್ಲಿ ಇರುವವರೆಗೆ ಅವರನ್ನು ಕಾರಿಗೇ ಹತ್ತಿಸುವುದಿಲ್ಲವಂತೆ. ಅದನ್ನು ನೀನು ಹಿಂತೆಗೆದುಕೊಳ್ಳಬೇಕು. ಆಮೇಲೆ ಅಪ್ಪನೆದುರು ಬಂದು ನಿಂತು, ತಪ್ಪು ಅವರ ಕಾಲಿನದಲ್ಲ ಎಂದು ನಿನ್ನ ಬಾಯಿಂದಲೇ ಹೇಳಬೇಕು.

ನಮ್ಮ ವರ್ಕ್‌ಶಾಪಿನ ಪದ್ಧತಿಯಂತೆ ಈ ಲಕೋಟೆಯಲ್ಲಿ ಸಾಕ್ಷಿ ಬಟ್ಟೆ ಇಟ್ಟಿದ್ದೇನೆ. ಎಣ್ಣೆ ಬದಲಾಯಿಸಿದವರು ಕೆಳಗಿನ ಸ್ಕ್ರೂವಿನಿಂದ ಬಂದ ಕೊನೆಯ ಹನಿಯಲ್ಲಿ ಬಿಳಿ ಬಟ್ಟೆಯ ಪಟ್ಟಿ ಅದ್ದಿ, ಮಾಡಿದ ಕೆಲಸ ಬರೆಯುವ ಜಾಬ್ ಕಾರ್ಡಿಗೆ ಕಟ್ಟಬೇಕು ಎಂದು ಅಪ್ಪ ಮಾಡಿದ ಕಟ್ಟಳೆ ಈಗಲೂ ಇದೆಯೋ, ಅದನ್ನೂ ಹರಿದುಹಾಕಿದ್ದೀಯೋ? ಈ ಪಟ್ಟಿಯ ಬಣ್ಣ ನೋಡಿಕೊ.

ನಿನ್ನ ಅಕ್ಕ


ಮಾರ್ಚ್ ೨೯

ಅಕ್ಕನಿಗೆ ನಮಸ್ಕಾರ,

ಕಾಗದ ತಲುಪಿತು. ಲಕೋಟೆಯೆಲ್ಲ ಎಣ್ಣೆಯಾಗಿ ಅಂಚೆಯವನು ನನ್ನನ್ನೇ ಬೈದ. ನೀನು ಮಾಡಿದ ಕೆಲಸಕ್ಕೆ ಬೈಸಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ, ಬಿಡು.

ಒಂದು ವರ್ಷ ನಿಂತ ಕಾರಿನಲ್ಲಿ ಎಣ್ಣೆ ಕಪ್ಪಾಗದೆ ಹಾಲಾಗುತ್ತದೆಯೇ? ಡ್ರೈವಿಂಗ್ ಕಲಿಸುವವಳಿಗೆ ನಾನು ಇದನ್ನೆಲ್ಲ ಹೇಳಬೇಕಾಗಿ ಬಂತಲ್ಲ. ಅಪ್ಪನಿಗೆ ಎಪ್ಪತ್ತೊಂದು. ಅವತ್ತು ಫಿಟ್ಟರ್ ಒಂದು ಹೆಜ್ಜೆ ಆಚೆ ಇಲ್ಲದಿದ್ದರೆ ನಾವು ಇಂಥ ಕಾಗದ ಬರೆದುಕೊಂಡು ಕೂರುತ್ತಿರಲಿಲ್ಲ. ನಾನು ಬರೆದುಕೊಟ್ಟದ್ದು ಅವರ ಒಳ್ಳೆಯದಕ್ಕೆ. ನೀನು ಅವರಿಗೆ ಇಲ್ಲದ ಆಸೆ ಹುಟ್ಟಿಸಬೇಡ.

ಇನ್ನೊಂದು ಮಾತು. ಬೋರ್ಡಿನ ಮೇಲೆ "ಮೇಸ್ತ್ರಿ ಮತ್ತು ಮಗ" ಎಂದು ಬರೆಸಿದ ದಿನ ನೀನು ಸ್ಪ್ಯಾನರ್ ಕೆಳಗಿಟ್ಟು ಹೊರಟವಳು. ಬರೆಸಿದ್ದು ಅಪ್ಪ, ನಾನಲ್ಲ. ಇಪ್ಪತ್ತು ವರ್ಷದ ಹಿಂದಿನ ಸಿಟ್ಟನ್ನು ಈಗ ಕ್ಲಚ್ಚಿನ ಹೆಸರಲ್ಲಿ ನನ್ನ ಮೇಲೆ ತೀರಿಸಬೇಡ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಏಪ್ರಿಲ್ ೫

ತಮ್ಮ ಮಹಾಶಯರಿಗೆ,

ಹೌದು, ಆ ಸಿಟ್ಟೂ ಇದೆ. ಇಲ್ಲ ಎಂದವರು ಯಾರು? ಸಿಟ್ಟು ಹಳೆಯದಾದರೆ ಕೆಡುವುದಿಲ್ಲ, ಕೆಡುವುದು ಎಣ್ಣೆ.

ನಿಂತ ಕಾರಿನ ಕಥೆ ನಿನ್ನ ಗಿರಾಕಿಗಳಿಗೆ ಹೇಳು. ನಿನ್ನ ಕಾಗದ ಬಂದ ಮೇಲೆ ಕಾರಿನ ಖಾನೆ ಜಾಲಾಡಿ ಹುಡುಕಿದೆ. ವಿಮೆಯ ಕಾಗದಗಳ ನಡುವೆ ಜಾಬ್ ಕಾರ್ಡ್ ಸಿಕ್ಕಿತು. ತಾರೀಖು, ಹೋದ ವರ್ಷದ ಮಾರ್ಚ್ ಎರಡು. ಬೀರು ಬೀಳುವುದಕ್ಕೆ ಒಂಬತ್ತು ದಿನ ಮುಂಚೆ. "ಕ್ಲಚ್ ಆಯಿಲ್ ಪೂರ್ತಿ ಬದಲಾಯಿಸಿದೆ." ಕೆಳಗೆ ನಿನ್ನ ಸಹಿ, ಬಾಲ ಎಳೆದು. ಮೂಲೆಗೆ ಕಟ್ಟಿದ ಸಾಕ್ಷಿ ಬಟ್ಟೆ.

ಆ ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಚೊಕ್ಕ. ತೀರಾ ಚೊಕ್ಕ. ಪೈಪಿನೊಳಗಿಂದ ಹಾದು ಬಂದ ಎಣ್ಣೆ ಎಷ್ಟೇ ತಿಳಿಯಾಗಿದ್ದರೂ ಬಟ್ಟೆ ಒಣಗಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಬೂದು ಗೆರೆ ಬೀಳುತ್ತದೆ. ಇದರಲ್ಲಿ ಗೆರೆಯೇ ಇಲ್ಲ. ನೀನು ಸಿರಿಂಜಿನಲ್ಲಿ ಮೇಲಿನ ಡಬ್ಬಿಯಿಂದ ಹಳೆಯದನ್ನು ಹೀರಿ, ಹೊಸದನ್ನು ಸುರಿದು, ಬಟ್ಟೆಯನ್ನು ಹೊಸ ಎಣ್ಣೆಯ ಕ್ಯಾನಿಗೇ ಅದ್ದಿ ಕಟ್ಟಿದ್ದೀಯ. ಕಾರಿನಡಿಗೆ ಹೋಗಲೇ ಇಲ್ಲ. ಅಪ್ಪನ ಕಣ್ಣಿಗೆ ಅಪ್ಪನ ಬಟ್ಟೆಯಿಂದಲೇ ಮಣ್ಣೆರಚಿದೆ. ಆಮೇಲೆ ತಪ್ಪನ್ನು ಅವರ ಕಾಲಿಗೆ ಕಟ್ಟಿದೆ.

ನಿನ್ನಿಂದ ನ್ಯಾಯ ಕೇಳಿದ್ದೆ. ಈಗ ಅದು ಸಾಲದು. ನೀನು ಕುಗ್ಗುವುದನ್ನು ನಾನು ನೋಡಬೇಕು.

ಶುರು ಮಾಡಿಯೂ ಆಯಿತು. ಈ ವಾರದಿಂದ ನನ್ನ ಶಾಲೆಯಲ್ಲಿ ಮೊದಲ ಪಾಠ ಸ್ಟೀರಿಂಗ್ ಅಲ್ಲ. ಚಾಪೆ ಹಾಸಿ, ಒಬ್ಬೊಬ್ಬರನ್ನೇ ಕಾರಿನಡಿ ಮಲಗಿಸಿ, ಕ್ಲಚ್ ಸ್ಕ್ರೂ ಎಲ್ಲಿದೆ ಎಂದು ತೋರಿಸುತ್ತೇನೆ. ಪಾಠ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಬಿಳಿ ಪಟ್ಟಿ ಕೊಟ್ಟು, "ಸರ್ವೀಸಿಗೆ ಹೋದಾಗ ಮೇಲಿನ ಡಬ್ಬಿ ನೋಡಿ ಮರುಳಾಗ್ಬೇಡಿ, ಕೆಳಗಿನ ಹನಿ ಕೇಳಿ" ಎನ್ನುತ್ತೇನೆ. ಒಳ್ಳೆಯ ವರ್ಕ್‌ಶಾಪ್ ಯಾವುದು ಎಂದು ಕೇಳಿದವರಿಗೆ ನಿನ್ನ ವಿಳಾಸವನ್ನೇ ಕೊಡುತ್ತಿದ್ದೇನೆ. ನಕ್ಷೆಯನ್ನೂ ಬರೆದುಕೊಡುತ್ತೇನೆ. ತಮ್ಮನಿಗೆ ಅಷ್ಟೂ ಮಾಡದಿದ್ದರೆ ಅಕ್ಕ ಯಾತಕ್ಕೆ?

ಅಪ್ಪನಿಗೆ ಇನ್ನೂ ಏನನ್ನೂ ಹೇಳಿಲ್ಲ. ಹೇಳುವ ಕೆಲಸ ನಿನ್ನದು.

ಅಕ್ಕ


ಏಪ್ರಿಲ್ ೨೮

ಅಕ್ಕ,

ಸಾಕು ಮಾಡು.

ಇದುವರೆಗೆ ಹದಿಮೂರು ಜನ ಬಂದರು. ನಿನ್ನೆ ಬಂದವರು ಒಬ್ಬ ನಿವೃತ್ತ ಟೀಚರಮ್ಮ. ಎಣ್ಣೆ ಬದಲಾಯಿಸಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಅವರು ಪರ್ಸಿನಿಂದ ಬಿಳಿ ಪಟ್ಟಿ ತೆಗೆದು, ಕನ್ನಡಕ ಏರಿಸಿ, "ಮೇಲಿಂದಲ್ಲಪ್ಪಾ, ಕೆಳಗಿನ ಹನಿ ತೋರ್ಸು. ನಿಮ್ಮಕ್ಕನೇ ಹೇಳಿಕೊಟ್ಟಿದ್ದು" ಎಂದರು, ಮೂರನೇ ಕ್ಲಾಸಿನವನಿಗೆ ಮಗ್ಗಿ ಒಪ್ಪಿಸು ಅನ್ನುವ ದನಿಯಲ್ಲಿ. ನನ್ನ ಫಿಟ್ಟರ್‌ಗಳು ಆ ಕಡೆ ತಿರುಗಿ ನಕ್ಕರು. ಇನ್ನೊಂದು ಸಲ ಕಾರಿನಡಿ ಮಲಗಿದೆ. ನೀನು ಬಯಸಿದ್ದು ಇದೇ ಆದರೆ ಸಿಕ್ಕಿತು, ತೆಗೆದುಕೊ.

ನಿಜ ಬೇಕಲ್ಲವೇ ನಿನಗೆ? ಬರೆಯುತ್ತೇನೆ. ಈ ಕೆಲಸಕ್ಕೆ ಇಬ್ಬರು ಬೇಕು, ನಿನಗೆ ಗೊತ್ತು. ಕೆಳಗೊಬ್ಬ, ಪೆಡಲಿಗೊಬ್ಬ. ನೀನಿದ್ದಾಗ ನೀನು ಪೆಡಲಿಗೆ ಕೂರುತ್ತಿದ್ದೆ, ನಾನು ಕೆಳಗಿಂದ "ಒತ್ತು, ಹಿಡಿ, ಬಿಡು" ಎಂದು ಕೂಗುತ್ತಿದ್ದೆ. ಬೇರೆ ಕಾರುಗಳಾದರೆ ಫಿಟ್ಟರ್ ಕೂರುತ್ತಾನೆ. ಅಪ್ಪನ ಕಾರಿಗೆ ಅಪ್ಪನೇ ಕೂರಬೇಕು. ಅವರು ಕೂತರೆ ಅದು ಕೆಲಸವಲ್ಲ, ಪರೀಕ್ಷೆ. "ಸ್ಕ್ರೂ ಬಿಗಿ ಮಾಡಿದ್ಯಾ? ಗಾಳಿ ಒಳಗೆ ಹೋಗ್ಲಿಲ್ಲ ತಾನೆ? ಎಲ್ಲಿ, ಇನ್ನೊಂದ್ಸಲ." ನಲವತ್ತೆರಡು ವರ್ಷದವನು ನಾನು. ಕೆಲಸದವರ ಮುಂದೆ ಅಂಗಾತ ಮಲಗಿಕೊಂಡು ಇದನ್ನು ಕೇಳಬೇಕಿತ್ತು. ಆ ದಿನ ಅಪ್ಪನನ್ನು ಚಹಾಕ್ಕೆ ಕಳಿಸಿದೆ. ಬರುವಷ್ಟರಲ್ಲಿ ಬಟ್ಟೆ ಕಟ್ಟಿದ್ದೆ.

ಹಿಂದೆಯೂ ಎರಡು ಸಲ ಹಾಗೇ ಮಾಡಿದ್ದೆ. ಏನೂ ಆಗಿರಲಿಲ್ಲ.

ಬೀರು ಬಿದ್ದಾಗ ನನಗೆ ಕೂಡಲೇ ಗೊತ್ತಾಯಿತು. ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಗ್ಗಿ ತಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದರು. ಪೆಡಲನ್ನಲ್ಲ, ಕಾಲನ್ನು. ನಾನು ರಿಪೇರಿ ಮಾಡಿದ ಒಂದೊಂದು ಕಾರನ್ನೂ ಓಡಿಸಿ ನೋಡಿ, ಗಿರಾಕಿಯ ಎದುರಿಗೇ "ಮತ್ತೆ ಬಿಚ್ಚು" ಅನ್ನುತ್ತಿದ್ದವರು ಇನ್ನು ಓಡಿಸುವುದಿಲ್ಲ ಎಂದು ಹೊಳೆಯಿತು. ಸುಳ್ಳು ಹೇಳುವುದಿಲ್ಲ ಅಕ್ಕ, ಆ ಗಳಿಗೆ ನನಗೆ ಹಗುರ ಅನಿಸಿತು.

ಆದರೆ ಎಲ್ಲವನ್ನೂ ನನ್ನ ತಲೆಗೇ ಕಟ್ಟಬೇಡ. ಅವರ ಕೈಯಿಂದ ಕೀಲಿ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡವಳು ನೀನು. "ಸಾಕು ಅಪ್ಪಾ, ಇನ್ನು ನಾನು ಕರ್ಕೊಂಡು ಹೋಗ್ತೀನಿ" ಎಂದವಳೂ ನೀನೇ. ಹದಿನೆಂಟು ವರ್ಷದಿಂದ ಊರಿಗೆಲ್ಲ ಡ್ರೈವಿಂಗ್ ಕಲಿಸುವವಳು, ಆ ಪೆಡಲನ್ನು ಅವತ್ತೇ ಒಂದು ಸಲ ಒತ್ತಿ ನೋಡಿದ್ದೆಯಾ?

ಕಚೇರಿಗೆ ಬರೆದುಕೊಡುತ್ತೇನೆ. ಅಪ್ಪನೆದುರು ಬಂದು ಹೇಳು ಎಂದು ಮಾತ್ರ ಕೇಳಬೇಡ. ಅದು ನನ್ನಿಂದ ಆಗದು. ಆ ಜಾಬ್ ಕಾರ್ಡನ್ನು ಹರಿದುಹಾಕು, ಕೈ ಮುಗಿಯುತ್ತೇನೆ.

ತಮ್ಮ


ಮೇ ೧೩

ತಮ್ಮನಿಗೆ,

ಒತ್ತಿ ನೋಡಲಿಲ್ಲ. ಅದನ್ನು ನೀನು ಹೇಳಿದ ದಿನದಿಂದ ನನಗೆ ಊಟ ರುಚಿಸಿಲ್ಲ. ನನ್ನ ಪಾಲನ್ನು ನಾನು ಹೊರುತ್ತೇನೆ. ಅದರಿಂದ ನಿನ್ನದು ಕಡಿಮೆಯಾಗುವುದಿಲ್ಲ.

ಕಾರ್ಡ್ ಹರಿಯಲಿಲ್ಲ. ಮೊನ್ನೆ ಹನ್ನೊಂದಕ್ಕೆ, ಬೆಳಿಗ್ಗೆ, ಅಪ್ಪನಿಗೆ "ಕ್ಲಚ್ ಆಯಿಲ್ ತೆಗೀಬೇಕು, ಪೆಡಲಿಗೆ ಯಾರೂ ಇಲ್ಲ, ಬನ್ನಿ" ಎಂದೆ. "ಈ ಕಾಲಲ್ಲಾ?" ಎಂದರು. "ಆದಷ್ಟು ಒತ್ತಿ" ಎಂದೆ. ಬಾಗಿಲು ಹಿಡಿದುಕೊಂಡು, ಪರರ ಕಾರಿಗೆ ಹತ್ತುವವರ ಹಾಗೆ ಹತ್ತಿ ಕೂತರು.

ಕೆಳಗೆ ಮಲಗಿ ಸ್ಕ್ರೂವಿಗೆ ಟ್ಯೂಬ್ ಸಿಕ್ಕಿಸಿ, ಬಾಟಲಿ ಇಟ್ಟು "ಒತ್ತಿ" ಎಂದೆ. ಒತ್ತಿದರು. "ಹಿಡೀರಿ" ಎಂದೆ. ಸ್ಕ್ರೂ ಸಡಿಲಿಸಿದೆ, ಕಪ್ಪು ಚಿಮ್ಮಿತು. ಬಿಗಿದು "ಬಿಡಿ" ಎಂದೆ. ಹತ್ತು ಸಲ, ಇಪ್ಪತ್ತು ಸಲ. ಮೇಲಿನ ಡಬ್ಬಿ ಬರಿದಾಗದ ಹಾಗೆ ಆಗಾಗ ಎದ್ದು ಹೊಸದು ಸುರಿದೆ. ಕಪ್ಪು ಹೋಗಿ ಕಂದಾಯಿತು, ಕಂದು ತೆಳುವಾಯಿತು. ಒಂದೇ ಒಂದು ಸಲವೂ ಆ ಕಾಲು ನನ್ನ ಮಾತಿಗೆ ಮುಂಚೆ ಮೇಲೆ ಬರಲಿಲ್ಲ. ಗಾಳಿಯ ಒಂದು ಗುಳ್ಳೆ ಒಳಗೆ ಹೋಗಲಿಲ್ಲ. ಕೆಳಗೆ ಮಲಗಿದ್ದ ನನಗೆ ಅಳು ತಡೆಯಲಾಗಲಿಲ್ಲ, ಎಣ್ಣೆ ಕೈಯಿಂದಲೇ ಮುಖ ಒರೆಸಿಕೊಂಡೆ.

ಮುಗಿದಾಗ ಅಪ್ಪ ಮೇಲಿಂದ, "ಅರವತ್ತಮೂರು" ಎಂದರು. ಎಣಿಸುತ್ತಿದ್ದರು. ಆಮೇಲೆ, "ಸತ್ತ ಕಾಲು ಅರವತ್ತಮೂರು ಸಲ ಒತ್ತುತ್ತದೇನೇ?" ಎಂದರು.

ನಾನು ಬಾಟಲಿ ತೋರಿಸಿದೆ. ನಿನ್ನ ಕಾರ್ಡನ್ನೂ ಕೈಗೆ ಕೊಟ್ಟೆ. ಇಷ್ಟು ದಿನ ಇದಕ್ಕೇ ಹಲ್ಲು ಕಚ್ಚಿ ಕಾದಿದ್ದೆ. ಅವರು ಬಟ್ಟೆಯನ್ನು ಬಿಸಿಲಿಗೆ ಹಿಡಿದರು. ಅಂಚನ್ನು ಉಗುರಿನಿಂದ ಸವರಿ ನೋಡಿದರು. "ಇದು ಕ್ಯಾನಿಗೆ ಅದ್ದಿದ್ದು" ಎಂದರು. ಆಮೇಲೆ, "ಊರವರ ಬಟ್ಟೇನೆಲ್ಲ ನೋಡ್ದೆ. ಇದನ್ನ ನೋಡ್ಲಿಲ್ಲ. ಮಗ ಕಟ್ಟಿದ್ದು ಅಂತ" ಎಂದರು.

ಬಯ್ಯಲಿಲ್ಲ. ಕಾರ್ಡನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಇನ್ನು ಇದು ನನ್ನ ಕೈಯಲ್ಲಿಲ್ಲ.

ಅಕ್ಕ


ಜೂನ್ ೨

ಅಕ್ಕ,

ನಿನ್ನ ಮೇ ತಿಂಗಳ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೆಯ ಕಾಗದ. ಮೊದಲಿನ ಎರಡಕ್ಕೆ ನೀನು ಉತ್ತರ ಕೊಡಲಿಲ್ಲ.

ಲೈಸೆನ್ಸ್ ಕಚೇರಿಗೆ ನಾನೇ ಹೋಗಿ ಬರೆದುಕೊಟ್ಟೆ. "ನನ್ನ ತಂದೆಯ ಕಾಲಿನಲ್ಲಿ ದೋಷವಿಲ್ಲ. ದೋಷ ನಾನು ಮಾಡದೆ ಬಿಟ್ಟ ಕೆಲಸದ್ದು." ಗುಮಾಸ್ತೆ ಅದನ್ನು ಗಟ್ಟಿಯಾಗಿ ಓದಿ, "ಇದನ್ನ ನಿಜವಾಗ್ಲೂ ಹೀಗೇ ಇಟ್ಕೊಳ್ಳಲಾ?" ಎಂದು ಕೇಳಿದಳು. ಸರತಿಯಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಪ್ರತಿ ಇಟ್ಟಿದ್ದೇನೆ, ನೋಡಿಕೊ.

ಅಪ್ಪ ಏನಂದರು? ಇಷ್ಟು ದಿನ ಏನೂ ಅನ್ನದೆ ಇರುವವರಲ್ಲ ಅವರು. ಗೇಟಿನಲ್ಲಿ ಯಾವ ಹಾರ್ನ್ ಕೇಳಿದರೂ ಕೈಯಲ್ಲಿದ್ದ ಸ್ಪ್ಯಾನರ್ ಜಾರುತ್ತದೆ. ಬೈದರೆ ಬೈಸಿಕೊಳ್ಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಒಂದು ಸಾಲು ಬರೆ.

ತಮ್ಮ


ಜೂನ್ ೨೧

ತಮ್ಮನಿಗೆ,

ನೀನು ಕೇಳಿದ ಒಂದು ಸಾಲು: ಅಪ್ಪ ಪಾಸಾದರು. ಪರೀಕ್ಷಕರು ಏರಿನಲ್ಲಿ ನಿಲ್ಲಿಸಿ ಹೊರಡಿಸಿದರು, ಕಾರು ಒಂದು ಬೆರಳಷ್ಟೂ ಹಿಂದೆ ಸರಿಯಲಿಲ್ಲ.

ಅಕ್ಕ


ಜುಲೈ ೧೨

ಅಕ್ಕ,

ನಿನ್ನೆ ಅಪ್ಪ ಬಂದರು.

ಶನಿವಾರ, ಬೆಳಿಗ್ಗೆ ಹತ್ತೂವರೆ. ಅಂಗಳದ ತುಂಬ ಕಾರು, ಗಿರಾಕಿಗಳು ಬೆಂಚಿನ ಮೇಲೆ. ಅಪ್ಪ ತಾವೇ ಓಡಿಸಿಕೊಂಡು ಬಂದರು. ಸ್ಪ್ಯಾನರ್ ಬೀರುವಿನ ಮುಂದೆ, ಒಂದು ಗೇಣು ಬಿಟ್ಟು, ಕಾರು ನಿಲ್ಲಿಸಿದರು. ಫಿಟ್ಟರ್‌ಗಳೆಲ್ಲ ಕೆಲಸ ಬಿಟ್ಟು ಎದ್ದು ನಿಂತರು. ನಾನು ಓಡಿ ಹೋಗಿ "ಅಪ್ಪಾ" ಎಂದೆ.

ಅವರು ಇಳಿದು ನನ್ನ ಮುಖ ನೋಡಿ, "ನಮಸ್ಕಾರ ಮೇಸ್ತ್ರಿಗಳೇ. ಕ್ಲಚ್ ಆಯಿಲ್ ಬದಲಾಯಿಸ್ಬೇಕಿತ್ತು. ನಿಮಗೆ ಬಿಡುವಿದ್ಯಾ?" ಎಂದರು.

ಅಕ್ಕ, "ನೀವು" ಎಂದರು. ಹುಟ್ಟಿದಾಗಿನಿಂದ ನನ್ನನ್ನು "ಲೋ" ಎಂದು ಕರೆದವರು. ಬೈದಿದ್ದರೆ ಕೆಲಸದವರ ಮುಂದೆ ಮಗ ಎಂದಾದರೂ ಆಗುತ್ತಿತ್ತು. ನಾನು "ಅಪ್ಪಾ, ಅಕ್ಕ ಮೇ ತಿಂಗಳಲ್ಲೇ ಬದಲಾಯಿಸಿದ್ದಾಳಲ್ಲ" ಎಂದೆ. "ನಿಮ್ಮ ಕೈಯಿಂದ ಆಗ್ಬೇಕು. ಕಾರ್ಡ್ ಬರೀರಿ" ಎಂದರು. ಹೆಸರು ಕೇಳದೆ ಬರೆಯಹೊರಟೆ. ತಡೆದು, ತಮ್ಮ ಹೆಸರನ್ನೂ ಕಾರಿನ ನಂಬರನ್ನೂ ಅಕ್ಷರ ಬಿಡಿಸಿ ಹೇಳಿದರು.

ಕೆಳಗೆ ಮಲಗಿದೆ. ಅವರು ಪೆಡಲಿಗೆ ಕೂತರು. ಈ ಸಲವಾದರೂ "ಬಿಗಿ ಮಾಡಿದ್ಯಾ, ಇನ್ನೊಂದ್ಸಲ" ಅನ್ನುತ್ತಾರೆ ಎಂದು ಕಾದೆ. ಒಂದು ಮಾತಿಲ್ಲ. ನಾನೇ "ಒತ್ತಿ", "ಹಿಡೀರಿ", "ಬಿಡಿ" ಎಂದು ಕೂಗಬೇಕಾಯಿತು. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು. ಮೊದಲ ಹನಿಯಿಂದಲೇ ಎಣ್ಣೆ ತಿಳಿಯಾಗಿತ್ತು. "ಸಾಕಾ?" ಎಂದು ಕೇಳಿದಾಗಲೆಲ್ಲ ಪೆಡಲ್ ಮತ್ತೆ ಕೆಳಗೆ ಹೋಯಿತು. ಅರವತ್ತಮೂರು ಸಲ. ಯಾಕೆ ಅರವತ್ತಮೂರು ಎಂದು ನನಗೆ ಗೊತ್ತಿತ್ತು, ನಿನ್ನ ಕಾಗದ ಇನ್ನೂ ಮೇಜಿನ ಖಾನೆಯಲ್ಲಿದೆ.

ಕೊನೆಯ ಹನಿಯಲ್ಲಿ ಬಟ್ಟೆ ಅದ್ದಿ ಕಾರ್ಡಿಗೆ ಕಟ್ಟಿ ಕೊಟ್ಟೆ. ಅಪ್ಪ ಬೆಂಚಿನ ಮೇಲೆ, ಗಿರಾಕಿಗಳ ನಡುವೆ ಕೂತು, ಅದು ಒಣಗುವವರೆಗೂ ಕಾದರು. ಒಂದು ಗಂಟೆಯ ಮೇಲಾಯಿತು. ಆಮೇಲೆ ಬೆಳಕಿಗೆ ಹಿಡಿದು ಅಂಚಿನ ಗೆರೆಯನ್ನು ನೋಡಿದರು. ಅಂಗಿಯ ಜೇಬಿನಿಂದ ಹಳೆಯ ಕಾರ್ಡನ್ನು ತೆಗೆದು, ಎರಡು ಬಟ್ಟೆಗಳನ್ನೂ ಒಂದರ ಪಕ್ಕ ಒಂದು ಹಿಡಿದು ನನಗೂ ತೋರಿಸಿದರು. ನಾನು ಅಲ್ಲೇ, ಎಲ್ಲರೆದುರಿಗೆ, ತಪ್ಪು ನಿಮ್ಮ ಕಾಲಿನದಲ್ಲ ಅಪ್ಪಾ, ನನ್ನದು ಎಂದು ಹೇಳಿದೆ. ನೀನು ಮಾರ್ಚಿನಲ್ಲಿ ಕೇಳಿದ್ದು ಅದೇ ಮಾತಲ್ಲವೇ? ಹೇಳಿದೆ.

ಅವರು "ಗೊತ್ತಾಯ್ತು ಮೇಸ್ತ್ರಿಗಳೇ" ಎಂದರು. "ಮುಂದಿನ ತಿಂಗಳು ಇದೇ ತಾರೀಖು ಬರ್ತೀನಿ. ನೆನಪಿಟ್ಕೊಳ್ಳಿ" ಎಂದು ಹೊರಟುಹೋದರು.

ಈ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಧಾರಾಳವಾಯಿತು ಎಂದು ಕಲಿಸಿದವರೇ ಅವರು. ಪ್ರತಿ ತಿಂಗಳು ಬಂದು ನನ್ನನ್ನು "ನೀವು" ಎಂದರೆ ನಾನು ಹೇಗೆ ತಡೆಯಲಿ? ಅಕ್ಕ, ನೀನಾದರೂ ಹೇಳು ಅವರಿಗೆ.

ತಮ್ಮ


ಜುಲೈ ೨೦

ತಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಕುಣಿಯುವಷ್ಟು ಖುಷಿಯಾಯಿತು. ಎರಡನೆಯ ಸಲ ಅಸೂಯೆಯಾಯಿತು, ನಾನು ಹೆಣೆದ ಸೇಡೆಲ್ಲ ಅಪ್ಪನ ಒಂದು "ನೀವು" ಮುಂದೆ ಮಕ್ಕಳಾಟ. ಮೂರನೆಯ ಸಲ ಓದಿ ಮುಗಿಸುವಷ್ಟರಲ್ಲಿ ನಿನ್ನ ಪರವಾಗಿ ಅಪ್ಪನ ಹತ್ತಿರ ಮಾತಾಡಲು ಎದ್ದಿದ್ದೆ. ಇದನ್ನು ಬರೆಯಬಾರದೆಂದಿದ್ದೆ.

ನೀನು ಕೇಳಿಕೊಂಡದ್ದನ್ನು ಅವರಿಗೆ ಹೇಳಿದೆ. ಮುಂದಿನ ತಿಂಗಳು ನಾನೂ ಜೊತೆಗೆ ಬರುತ್ತೇನೆ, ನೀವೂ ಸ್ವಲ್ಪ ಮೆತ್ತಗಾಗಿ ಎಂದೆ. "ಇದು ನಿನ್ನ ಸೇಡಲ್ಲ, ನಿನ್ನ ಜಾಗದಲ್ಲಿ ನೀನಿರು" ಎಂದರು. ನನ್ನ ಜಾಗ ಯಾವುದು ಗೊತ್ತೇ? ದಿನವೂ ಬೆಳಿಗ್ಗೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತುತ್ತಾರೆ. ಕಲಿಸುವವಳ ಅಭ್ಯಾಸ, ತಿರುವು ಬಂದಾಗ ನನ್ನ ಕಾಲು ಇಲ್ಲದ ಪೆಡಲನ್ನು ಒತ್ತುತ್ತದೆ. ಮೊದಲನೆಯ ದಿನವೇ ಅದನ್ನು ಕಂಡು, "ಕಾಲು ಎತ್ತಿ ಸೀಟಿನ ಮೇಲಿಡು" ಎಂದರು. ನಲವತ್ತೇಳರ ಹೆಂಗಸು, ಕಾರಿನಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂರುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಬಸ್ ಸ್ಟಾಪಿನಿಂದ ನೋಡುತ್ತಾರೆ. ಹಾಗಾಗಿ ನಿನ್ನ ಪರ ವಾದಿಸಲು ನನಗೆ ಬಾಯಿಲ್ಲ.

ಒಂದನ್ನು ಮಾತ್ರ ಕೇಳಿದೆ. "ಎಷ್ಟು ತಿಂಗಳು ಹೋಗ್ತೀರಿ ಅಪ್ಪಾ?"

ಅವರು ಶೂ ಲೇಸ್ ಕಟ್ಟುತ್ತಿದ್ದರು, ಎಡಗಾಲಿನದು. ತಲೆಯೆತ್ತದೆ, "ಹೋದ ವರ್ಷ ಮಾರ್ಚ್ ಹನ್ನೊಂದಕ್ಕೆ ಈ ಕಾಲು ಸತ್ತಿತು ಅಂತ ನಂಬಿದೆ. ಈ ವರ್ಷ ಮೇ ಹನ್ನೊಂದಕ್ಕೆ ಬದುಕಿದೆ ಅಂತ ಗೊತ್ತಾಯ್ತು. ಲೆಕ್ಕ ಹಾಕು" ಎಂದರು.

ಹದಿನಾಲ್ಕು, ತಮ್ಮ. ಒಂದಾಯಿತು. ಆಗಸ್ಟ್ ಹನ್ನೊಂದಕ್ಕೆ ಬರುತ್ತಾರೆ. ಬಿಳಿ ಬಟ್ಟೆ ಹದಿಮೂರು ಪಟ್ಟಿ ಹರಿದಿಟ್ಟುಕೊ.

ಅಕ್ಕ